ಊರ ಬಂಡೆಯನ್ನು ಭೂಪರಂಪರೆಯ ತಾಣವಾಗಿ ಉಳಿಸಿಕೊಳ್ಳುವುದು ಹೇಗೆ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರಿಗೆ ಹಂತ ಹಂತದ ಮಾರ್ಗದರ್ಶಿ

ಬೆಟ್ಟ ಉಳಿಸಿ ಅಂತ ಕೊಟ್ಟ ಅರ್ಜಿಗೆ ಹೆಚ್ಚಾಗಿ ಮೂರು ಥರದ ಹಿಂಬರಹ ಬರುತ್ತದೆ. "ಸರ್ವೆ ನಂಬರ್ ನಮೂದಿಸಿರುವುದಿಲ್ಲ." "ಸದರಿ ವಿಷಯ ನಮ್ಮ ಇಲಾಖೆ ವ್ಯಾಪ್ತಿಗೆ ಬರುವುದಿಲ್ಲ." "ಸದರಿ ಜಮೀನನ್ನು ಈಗಾಗಲೇ ಕಲ್ಲುಗಣಿ ಗುತ್ತಿಗೆಗೆ ನೀಡಲಾಗಿರುತ್ತದೆ." ಮೂರಕ್ಕೂ ಮೂಲ ಒಂದೇ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಫೋಟೊ ಹಾಕಿ ಸುದ್ದಿ ಮಾಡುತ್ತಾರೆ, ಆಮೇಲೆ ಅರ್ಜಿ ಕೊಡುತ್ತಾರೆ, ಹಿಂಬರಹ ಬಂದ ಮೇಲೆ ಪಹಣಿ ತೆಗೆಸುತ್ತಾರೆ. ಆಗಬೇಕಾದದ್ದು ಇದರ ಉಲ್ಟಾ.

ಶುರು ಮಾಡುವ ಮೊದಲೇ ಒಂದು ಮಾತು ತಲೆಯಲ್ಲಿರಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ಕೆಲವು ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಉಡುಪಿಯ ಸೇಂಟ್ ಮೇರಿಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿಯ ಲಾವಾ ಆ ಪಟ್ಟಿಯಲ್ಲಿವೆ. ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಯೂ ಇದೆ. ಆದರೆ ಆ ಹೆಸರು ಬಂದ ಮಾತ್ರಕ್ಕೆ ಬಂಡೆಗೆ ಕಾನೂನಿನ ಬೇಲಿ ಬೀಳುವುದಿಲ್ಲ. ಭೂಪರಂಪರೆ ತಾಣಗಳಿಗಾಗಿಯೇ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಒಂದು ಕರಡು ಮಸೂದೆ ಹೊರಡಿಸಿತ್ತು. ಕರಡು ಕರಡೇ. ಅದನ್ನು ಕಾಯ್ದೆ ಅಂತ ಅರ್ಜಿಯಲ್ಲಿ ಬರೆದರೆ ಓದುವ ಅಧಿಕಾರಿ ಅಲ್ಲೇ ನಿಲ್ಲಿಸುತ್ತಾರೆ. ಬಂಡೆ ಕಾಯುವುದು ಕೊನೆಗೂ ಜಮೀನಿನ ದಾಖಲೆಯೇ. ಈ ಬರಹ ಪೂರ್ತಿ ಆ ದಾರಿಯಲ್ಲೇ ಹೋಗುತ್ತದೆ.

ಕೈಯಲ್ಲಿ ಇರಬೇಕಾದವು

ಜಾಸ್ತಿ ಏನೂ ಬೇಡ. ಜಿಪಿಎಸ್ ಇರುವ ಫೋನು, ಅದರಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್. 30 ಸೆಂಟಿಮೀಟರಿನ ಸ್ಕೇಲು, 30 ಮೀಟರಿನ ಟೇಪು, ದಿಕ್ಸೂಚಿ, ನೀರಿನ ಬಾಟಲಿ, ಚೌಕ ಗೆರೆಯ ನೋಟ್‌ಬುಕ್ಕು. ಗ್ರಾಮ ನಕ್ಷೆಯ ಪ್ರತಿ. ಜಿಎಸ್‌ಐನ ಭೂಕೋಶ್ ಪೋರ್ಟಲ್‌ನಿಂದ ನಿಮ್ಮ ಭಾಗದ ಶಿಲಾ ನಕ್ಷೆ. ಟೋಪೋಶೀಟ್ (ಸರ್ವೆ ಆಫ್ ಇಂಡಿಯಾದ ಭೂನಕ್ಷೆಯ ಹಾಳೆ) ಹುಡುಕುವವರಿಗೆ: ತುಮಕೂರು ಪಟ್ಟಣ, ಚಿಕ್ಕಬಳ್ಳಾಪುರ, ನಂದಿ 57ಜಿ ಹಾಳೆಯಲ್ಲಿವೆ. ಕೋಲಾರ ಪಟ್ಟಣ 57ಕೆಯಲ್ಲಿ, ಕೆಜಿಎಫ್ 57ಎಲ್‌ನಲ್ಲಿ. ತಿಪಟೂರಿನ ಕಡೆಯವರು 57ಸಿ ನೋಡಬೇಕು.

ಸುತ್ತಿಗೆ ಬೇಡ. ಮನೆಯಲ್ಲೇ ಬಿಟ್ಟು ಬನ್ನಿ.

ಹಂತ 1: ಇಡೀ ಬೆಟ್ಟ ಬಿಡಿ, ಯಾವ ಮುಖ ಅಂತ ಹೇಳಿ

"ನಮ್ಮ ಬೆಟ್ಟ ಕೋಟ್ಯಂತರ ವರ್ಷ ಹಳೆಯದು" ಅನ್ನುವುದು ವಾದವೇ ಅಲ್ಲ. ಈ ಮೂರು ಜಿಲ್ಲೆಗಳಲ್ಲಿ ಕಾಲಿಟ್ಟಲ್ಲೆಲ್ಲ ಹಾಗೇ. ನೈಸ್ ಶಿಲೆ, ಅಂದರೆ ಪಟ್ಟೆ ಪಟ್ಟೆಯಾಗಿ ಕಾಣುವ ಬೂದು ಕಲ್ಲು, 250 ಕೋಟಿ ವರ್ಷಕ್ಕೂ ಹಳೆಯದು. ಪಾವಗಡ, ಮಧುಗಿರಿ ಕಡೆಯಿಂದ ರಾಮನಗರದ ಆಚೆಗೂ ಉದ್ದಕ್ಕೆ ಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು. ಜಲ್ಲಿ ಕ್ರಷರ್‌ಗೆ ಹೋಗುತ್ತಿರುವ ಕಲ್ಲಿಗೂ ಅದೇ ವಯಸ್ಸು. ಹಾಗಾಗಿ ಬರೀ ವಯಸ್ಸು ಹಿಡಿದು ಹೊರಟರೆ, "ಹಾಗಾದರೆ ಎಲ್ಲ ಗಣಿಯನ್ನೂ ಮುಚ್ಚಬೇಕಾ?" ಎನ್ನುವ ಒಂದೇ ಪ್ರಶ್ನೆಗೆ ನೀವು ಸುಮ್ಮನಾಗಬೇಕಾಗುತ್ತದೆ.

ಹೇಳಬೇಕಾದ್ದು ಇದು: ಈ ಬಂಡೆಯ ಮೈಮೇಲೆ ಏನು ಕಾಣುತ್ತದೆ, ಅದು ಪಕ್ಕದ ಬಂಡೆಯಲ್ಲಿ ಯಾಕೆ ಕಾಣುವುದಿಲ್ಲ?

ಹುಡುಕಬೇಕಾದ ಗುರುತುಗಳು ಕೆಲವಿವೆ. ಒಂದು, ಎರಡು ಬೇರೆ ಕಲ್ಲು ಕೂಡುವ ಗೆರೆ. ಬೂದು ನೈಸ್ ಒಳಗೆ ಗುಲಾಬಿ ಗ್ರಾನೈಟ್ ನುಗ್ಗಿದ್ದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಅಲ್ಲೇ ಬರೆದಿಟ್ಟ ಹಾಗೆ ಇರುತ್ತದೆ. ಎರಡು, ಗ್ರಾನೈಟ್ ಒಳಗೆ ಸಿಕ್ಕಿಕೊಂಡ ಹಳೆ ಕಪ್ಪು ಶಿಲೆಯ ತುಂಡುಗಳು. ಮೂರು, ಮಡಿಕೆ ಮಡಿಕೆಯಾಗಿ ಬಾಗಿದ ಪಟ್ಟೆಗಳು. ನಾಲ್ಕು, ಬೆಟ್ಟವನ್ನು ಸೀಳಿಕೊಂಡು ಹೋಗುವ ಕಪ್ಪು ಕಲ್ಲಿನ ಪಟ್ಟೆ, ಅಂದರೆ ಡೈಕ್. ನಮ್ಮ ಕಡೆ ಪೂರ್ವ ಪಶ್ಚಿಮವಾಗಿ ಹೋಗುವ ಡೈಕ್‌ಗಳ ಒಂದು ದೊಡ್ಡ ಗುಂಪಿಗೆ ಸುಮಾರು 237 ಕೋಟಿ ವರ್ಷ ಅಂತ ಅಳೆದಿದ್ದಾರೆ. ಕಪ್ಪು ಗ್ರಾನೈಟ್ ಹೆಸರಲ್ಲಿ ಮಾರಾಟವಾಗುವುದೂ ಇಂಥ ಕಲ್ಲೇ. ಆದ್ದರಿಂದ ಚೆನ್ನಾಗಿ ಕಾಣುವ ಡೈಕ್ ಇದ್ದರೆ ಅದಕ್ಕೆ ಅಪಾಯವೂ ಜಾಸ್ತಿ.

ಇವಲ್ಲದೆ ಆಕಾರಗಳೂ ಲೆಕ್ಕಕ್ಕೆ ಬರುತ್ತವೆ. ಮಧುಗಿರಿಯ ಏಕಶಿಲೆಯಂಥ ನುಣುಪು ಗುಮ್ಮಟ, ಈರುಳ್ಳಿ ಸಿಪ್ಪೆಯಂತೆ ಪದರ ಬಿಡುವ ಹಾಸುಬಂಡೆ, ಅಂತರಗಂಗೆಯಲ್ಲಿ ಇರುವಂಥ ಗುಂಡುಗಳ ರಾಶಿ ಮತ್ತು ಅವುಗಳ ನಡುವಿನ ಗವಿಗಳು, ಬಂಡೆ ತಲೆ ಮೇಲಿನ ದೊಣೆಗಳು, ಅಂದರೆ ಮಳೆ ನೀರು ನಿಲ್ಲುವ ಗುಂಡಿಗಳು. ಕೋಲಾರ ಶಿಸ್ಟ್ ಪಟ್ಟಿಯಲ್ಲಿ, ಅಂದರೆ ಕೆಜಿಎಫ್ ಚಿನ್ನದ ಗಣಿಗಳಿರುವ ಶಿಲಾ ಪಟ್ಟಿಯಲ್ಲಿ, ಇನ್ನೂ ಬೇರೆ ಥರ: ಲಾವಾ, ಜ್ವಾಲಾಮುಖಿ ಸಿಡಿದಾಗ ಬಿದ್ದ ಚೂರುಗಳು ಬೂದಿಯ ಜೊತೆ ಸೇರಿ ಗಟ್ಟಿಯಾದ ಶಿಲೆ, ಕಬ್ಬಿಣದ ಪಟ್ಟೆ ಶಿಲೆ. ಚಿಕ್ಕನಾಯಕನಹಳ್ಳಿ ಕಡೆ ಸುಣ್ಣಕಲ್ಲು, ಮ್ಯಾಂಗನೀಸ್, ಕಬ್ಬಿಣದ ಶಿಲೆಗಳು. ಅಲ್ಲಿ ಹಳೆ ಗಣಿಯ ಗೋಡೆಯೇ ಒಳ್ಳೆಯ ತಾಣ ಆಗಬಹುದು. ಕಡಿದ ಮುಖದಲ್ಲಿ ಪದರ ಸ್ಪಷ್ಟವಾಗಿ ಕಾಣುತ್ತದೆ. ಗಣಿ ಅಂದ ತಕ್ಷಣ ಪಟ್ಟಿಯಿಂದ ಬಿಡಬೇಡಿ.

ಈ ಹಂತದ ಕೊನೆಗೆ ನಿಮ್ಮ ಕೈಯಲ್ಲಿ ಎರಡು ವಾಕ್ಯ ಇರಬೇಕು. ಒಂದರಲ್ಲಿ ಏನು ಕಾಣುತ್ತದೆ, ಇನ್ನೊಂದರಲ್ಲಿ ಎಷ್ಟು ಜಾಗ. "ಸುಮಾರು 40 ಮೀಟರ್ ಉದ್ದ, 15 ಮೀಟರ್ ಅಗಲದ ಹಾಸುಬಂಡೆಯಲ್ಲಿ ಮೂರು ಕಾಲದ ಶಿಲೆಗಳು ಒಂದನ್ನೊಂದು ಕತ್ತರಿಸುತ್ತವೆ" ಅನ್ನುವಂಥದ್ದು. ಜಾಗ ಚಿಕ್ಕದಾದಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ. 200 ಎಕರೆ ಕೇಳಿದರೆ ಯಾರೂ ಕೊಡಲ್ಲ. 2 ಎಕರೆ ಕೇಳಿದರೆ ಕನಿಷ್ಠ ಕಡತ ತೆರೆಯುತ್ತಾರೆ.

ಹಂತ 2: ಜಾಗ ಯಾರದು?

ಎಲ್ಲರೂ ಎಡವುವುದು ಇಲ್ಲೇ. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ.

ಬಂಡೆಯ ಮೇಲೆ ನಿಂತು ದಿಶಾಂಕ್ ತೆರೆಯಿರಿ. ಸರ್ವೆ ನಂಬರ್ ತೋರಿಸುತ್ತದೆ. ಬಂಡೆಯ ನಾಲ್ಕೂ ಅಂಚಿಗೆ ಹೋಗಿ ಮತ್ತೆ ನೋಡಿ. ಒಂದೇ ಬಂಡೆ ಎರಡು ಸರ್ವೆ ನಂಬರಿನಲ್ಲಿ, ಕೆಲವು ಕಡೆ ಎರಡು ಗ್ರಾಮದಲ್ಲಿ ಹರಡಿರುತ್ತದೆ. ಆ್ಯಪ್ ತೋರಿಸುವ ಗಡಿ ಅಂದಾಜು, ಅದನ್ನೇ ಅಂತಿಮ ಅಂದುಕೊಳ್ಳಬೇಡಿ. ಅದನ್ನು ಗ್ರಾಮ ನಕ್ಷೆ ಜೊತೆ ಹೋಲಿಸಿ. ಸರ್ಕಾರಿ ಜಮೀನಾದರೆ ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು) ಮಾಡಿಸುವಂತೆ ತಹಶೀಲ್ದಾರರಿಗೆ ಬರೆಯಿರಿ. ಬಾಂದು ಕಲ್ಲು ಎಲ್ಲಿದೆ ಅಂತ ಊರಿನ ಹಿರಿಯರನ್ನು ಕೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಆಮೇಲೆ ಪಹಣಿ. ನೋಡಬೇಕಾದ್ದು ಮೂರು ಕಲಂ. ವಿಸ್ತೀರ್ಣದ ಕಲಂನಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು, ಅದು ಎ ಖರಾಬೋ ಬಿ ಖರಾಬೋ. ಬಿ ಖರಾಬು ಸಾರ್ವಜನಿಕ ಬಳಕೆಯದ್ದು. ಎ ಖರಾಬು ಖಾಸಗಿ ಹಿಡುವಳಿಯ ಜೊತೆಗೇ ಅಂಟಿಕೊಂಡಿರುತ್ತದೆ. "ಬಂಡೆ ಅಂದಮೇಲೆ ಸರ್ಕಾರದ್ದೇ" ಅಂತ ನಂಬಿ ಎ ಖರಾಬಿನ ಮೇಲೆ ಅರ್ಜಿ ಕೊಟ್ಟರೆ ಜಮೀನಿನ ಯಜಮಾನರ ಜೊತೆ ಸುಮ್ನೆ ಜಗಳ. 9ನೇ ಕಲಂನಲ್ಲಿ ಯಾರ ಹೆಸರಿದೆ: ಖಾಸಗಿಯವರದೋ, ಗೋಮಾಳವೋ, ಅರಣ್ಯವೋ, ದೇವಸ್ಥಾನದ್ದೋ? 11ನೇ ಕಲಂನಲ್ಲಿ ಯಾವ ಹಕ್ಕು, ಋಣ, ಆದೇಶ ನಮೂದಾಗಿದೆ? ಗಣಿ ಗುತ್ತಿಗೆ ಅಥವಾ ಬೇರೆ ಉದ್ದೇಶಕ್ಕೆ ಮಂಜೂರಾತಿ ಆಗಿದ್ದರೆ ಸುಳಿವು ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಪಹಣಿಯಲ್ಲಿ ಗೋಮಾಳ, ಅರಣ್ಯ ಇಲಾಖೆಯ ನಕ್ಷೆಯಲ್ಲಿ ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಆಗದಿದ್ದರೂ ಅರಣ್ಯ ಅಂತ ಪರಿಗಣಿಸಿದ ಜಾಗ), ಸ್ಥಳದಲ್ಲಿ ಯಾರೋ ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮದ) ಅರ್ಜಿ ಹಾಕಿ ಕೂತಿರುವುದು, ಇವೆಲ್ಲ ಒಂದೇ ಸರ್ವೆ ನಂಬರಿನಲ್ಲಿ ಇರಬಹುದು. ಗಾಬರಿ ಬೇಡ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದೆ ಯಾವ ಬಾಗಿಲು ತಟ್ಟಬೇಕು ಅಂತ ತೀರ್ಮಾನ ಮಾಡುವುದು ಈ ಹಾಳೆಯೇ.

ಚಿಕ್ಕಬಳ್ಳಾಪುರದವರಿಗೆ ಒಂದು ಕಿವಿಮಾತು. ನಿಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾಗಿದ್ದು 2007ರಲ್ಲಿ. ಅದಕ್ಕೆ ಮುಂಚಿನ ಗೆಜೆಟ್ ಅಧಿಸೂಚನೆ, ಅರಣ್ಯ ಘೋಷಣೆ, ಹಳೆ ಕಡತಗಳನ್ನು ಹುಡುಕುವಾಗ ಕೋಲಾರ ಜಿಲ್ಲೆ ಅಂತಲೇ ಹುಡುಕಿ. ಚಿಕ್ಕಬಳ್ಳಾಪುರ ಅಂತ ಹುಡುಕಿ "ದಾಖಲೆ ಇಲ್ಲ" ಅನ್ನಿಸಿಕೊಂಡವರು ತುಂಬಾ ಜನ.

ಇಷ್ಟೆಲ್ಲ ಆದಮೇಲೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಈ ಸರ್ವೆ ನಂಬರಿನ ಮೇಲೆ ಗುತ್ತಿಗೆ ಇದೆಯಾ, ಅರ್ಜಿ ಬಂದಿದೆಯಾ, ಕಂದಾಯ ಮತ್ತು ಅರಣ್ಯ ಇಲಾಖೆಗಳು ನಿರಾಕ್ಷೇಪಣಾ ಪತ್ರ ಕೊಟ್ಟಿವೆಯಾ, ಇದ್ದರೆ ಪ್ರತಿ ಕೊಡಿ. ನಮೂನೆ ಎ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉದ್ದ ಬರೆದು ತಿರಸ್ಕಾರ ಮಾಡಿಸಿಕೊಳ್ಳಬೇಡಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಹಂತ 3: ಬಂಡೆಯನ್ನು ದಾಖಲೆ ಮಾಡುವುದು

ಬೆಳಿಗ್ಗೆ ಅಥವಾ ಸಂಜೆ ಹೋಗಿ. ಓರೆ ಬಿಸಿಲಿನಲ್ಲಿ ಮಡಿಕೆ, ಪದರ ಎದ್ದು ಕಾಣುತ್ತವೆ. ಮಧ್ಯಾಹ್ನದ ಬಿಸಿಲಿಗೆ ಗ್ರಾನೈಟ್ ಬರೀ ಬೆಳ್ಳಗೆ ಹೊಳೆಯುತ್ತದೆ. ಪಟ್ಟೆ ಸ್ಪಷ್ಟ ಕಾಣದಿದ್ದರೆ ಸ್ವಲ್ಪ ನೀರು ಚಿಮುಕಿಸಿ. ಸೀಮೆಸುಣ್ಣ, ಪೇಂಟ್ ಬೇಡವೇ ಬೇಡ. ಕಲ್ಲುಹೂವು ಹತ್ತಿದೆ ಅಂತ ಉಜ್ಜಬೇಡಿ. ಅದೂ ತಾಣದ ಭಾಗವೇ.

ಪ್ರತಿ ಗುರುತಿಗೂ ಮೂರು ಫೋಟೊ. ದೂರದಿಂದ, ಹಿನ್ನೆಲೆಯಲ್ಲಿ ಬೆಟ್ಟವೋ ದೇವಸ್ಥಾನವೋ ಕಾಣುವ ಹಾಗೆ. ಮಧ್ಯದಿಂದ, ಒಬ್ಬರು ಪಕ್ಕದಲ್ಲಿ ನಿಂತು. ಹತ್ತಿರದಿಂದ, ಸ್ಕೇಲು ಇಟ್ಟು. ಸ್ಕೇಲು ಮರೆತರೆ 10 ರೂಪಾಯಿ ನಾಣ್ಯ ಇಡಿ, ಅದರ ಅಡ್ಡಳತೆ 27 ಮಿಲಿಮೀಟರ್. ಅಳತೆ ಇಲ್ಲದ ಫೋಟೊ ಭೂವಿಜ್ಞಾನಿಗೆ ಪ್ರಯೋಜನ ಇಲ್ಲ. ಬರೆದಿಟ್ಟುಕೊಳ್ಳಬೇಕಾದವು: ದಿನಾಂಕ, ಅಕ್ಷಾಂಶ, ರೇಖಾಂಶ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು. ಮೂಲ ಫೈಲನ್ನು ಹಾಗೇ ಉಳಿಸಿ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊದಲ್ಲಿ ಜಾಗ, ಸಮಯದ ವಿವರ ಸಾಮಾನ್ಯವಾಗಿ ಅಳಿಸಿ ಹೋಗುತ್ತದೆ.

ಆಮೇಲೆ ಕೈಚಿತ್ರ. ಚಿತ್ರ ಬಿಡಿಸೋಕೆ ಬರಲ್ಲ ಅಂತ ಬಿಡಬೇಡಿ. ಟೇಪು ಹಾಸಿ, ಒಂದು ಚೌಕಕ್ಕೆ ಒಂದು ಮೀಟರ್ ಲೆಕ್ಕದಲ್ಲಿ ಬಂಡೆಯ ಅಂಚು, ಮುಖ್ಯ ಗುರುತು, ಈಗಾಗಲೇ ಇರುವ ಹಾನಿ ಗುರುತಿಸಿ. ಹಾನಿಯನ್ನು ಮುಚ್ಚಿಡಬೇಡಿ. ಹಳೆ ಉಳಿ ಗುರುತು, ಬೆಂಕಿ ಹಾಕಿ ಚಪ್ಪಡಿ ಎಬ್ಬಿಸಿದ ಜಾಗ, ಬಣ್ಣ ಬಳಿದ ಹೆಸರುಗಳು, ಎಲ್ಲವೂ ಬರಲಿ. ಇವತ್ತಿನ ಸ್ಥಿತಿ ದಾಖಲಾದರೆ ತಾನೇ ನಾಳೆ ಏನು ಹಾಳಾಯಿತು ಅಂತ ತೋರಿಸೋಕಾಗುವುದು?

ಒಂದು ಎಚ್ಚರಿಕೆ. ಹರಳು, ಖನಿಜ ಸಿಗುವ ಜಾಗವಾದರೆ ನಿಖರ ಜಾಗವನ್ನು ಸೋಷಿಯಲ್ ಮೀಡಿಯಾದಲ್ಲಿ ಹಾಕಬೇಡಿ. ಅರ್ಜಿಯಲ್ಲಿ ಇರಲಿ, ರೀಲ್ಸ್‌ನಲ್ಲಿ ಬೇಡ.

ಹಂತ 4: ತಿಳಿದವರಿಂದ ಎರಡು ಪುಟ

ನಿಮ್ಮ ಮಾತಿಗಿಂತ ಭೂವಿಜ್ಞಾನ ಓದಿದವರ ಸಹಿಗೆ ಬೆಲೆ ಜಾಸ್ತಿ. ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಹಂತ 3ರ ದಾಖಲೆ ಕಳಿಸಿ, ಸ್ಥಳಕ್ಕೆ ಕರೆಯಿರಿ. ಬೆಂಗಳೂರಿನಲ್ಲಿರುವ ಜಿಎಸ್‌ಐ ಕಚೇರಿಗೂ ಒಂದು ಪ್ರತಿ ಕಳಿಸಿ. ಬಂದವರು ಮಾದರಿ ಬೇಕು ಅಂದರೆ ಬಿದ್ದ ಚೂರು ಕೊಡಿ. ಮುಖ್ಯ ಮುಖವನ್ನು ಒಡೆಯುವುದು, ಕೊರೆಯುವುದು ಬೇಡ ಅಂತ ನಯವಾಗಿ, ಆದರೆ ಗಟ್ಟಿಯಾಗಿ ಹೇಳಿ. ಅಧ್ಯಯನಕ್ಕೆ ಬಂದವರ ಸುತ್ತಿಗೆಯಿಂದಲೂ ಬಂಡೆ ಹಾಳಾಗುತ್ತದೆ.

ವರದಿಯಲ್ಲಿ ಬೇಕಾದ್ದು ನಾಲ್ಕೇ: ಏನಿದೆ, ಯಾಕೆ ವಿಶೇಷ, ಎಷ್ಟು ಜಾಗ ಉಳಿಯಬೇಕು, ಯಾವುದರಿಂದ ಹಾಳಾಗುತ್ತದೆ. 20 ಪುಟ ಬರೆಸಬೇಡಿ. ಯಾರೂ ಓದಲ್ಲ.

ಹಂತ 5: ಊರಿನ ಒಪ್ಪಿಗೆ

ಊರಿನವರನ್ನು ಬಿಟ್ಟು ಹೊರಗಿನವರು ಅರ್ಜಿ ಕೊಟ್ಟ ಕಡೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಾರಣ ಸರಳ. ಆ ಬಂಡೆಯ ಮೇಲೆ ರಾಗಿ ಬಡಿಯುವವರಿದ್ದಾರೆ, ಹುಣಸೆ ಒಣಗಿಸುವವರಿದ್ದಾರೆ, ಕುರಿ ಮೇಯಿಸುವವರಿದ್ದಾರೆ. ಕಲ್ಲು ಒಡೆದೇ ಹೊಟ್ಟೆ ಹೊರೆಯುವವರೂ ಇದ್ದಾರೆ. ಇವರಲ್ಲಿ ಮೊದಲು ಮಾತಾಡಬೇಕಾದ್ದು ಕೊನೆಯವರ ಹತ್ತಿರ. ಚಪ್ಪಡಿ, ಸೈಜು ಕಲ್ಲಿಗೆ ಪಕ್ಕದ ಮಾಮೂಲಿ ಬಂಡೆ ಸಾಕು, ಈ 2 ಎಕರೆ ಬಿಡಿ ಅಂತ ಕೇಳಬಹುದು. ಯಾವ ಕಲ್ಲು ಹೇಗೆ ಸೀಳುತ್ತದೆ, ಪಟ್ಟೆ ಎಲ್ಲಿ ತಿರುಗುತ್ತದೆ ಅಂತ ಅವರಷ್ಟು ಬಲ್ಲವರು ಊರಲ್ಲಿ ಬೇರೆ ಯಾರಿದ್ದಾರೆ? ನಿಮ್ಮ ಕೈಚಿತ್ರವನ್ನು ಅವರಿಗೇ ತೋರಿಸಿ ತಿದ್ದಿಸಿ.

ರಾಗಿ ಬಡಿಯುವುದರಿಂದ, ಕುರಿಯಿಂದ ಬಂಡೆಗೆ ಏನೂ ಆಗಲ್ಲ. ಅದನ್ನು ನಿಲ್ಲಿಸುವ ಮಾತೇ ಎತ್ತಬೇಡಿ. "ಇದು ಘೋಷಣೆ ಆದರೆ ನಮ್ಮನ್ನು ಒಳಗೇ ಬಿಡಲ್ಲ" ಅನ್ನುವ ಭಯ ಹಬ್ಬಿದರೆ ಗ್ರಾಮಸಭೆಯಲ್ಲಿ ನಿಮ್ಮ ವಿಷಯ ಬಿದ್ದುಹೋಗುತ್ತದೆ.

ಗ್ರಾಮಸಭೆಯಲ್ಲಿ ನಿರ್ಣಯ ಆಗಬೇಕು. ಅದರಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಯಾವ ಬಳಕೆ ಮುಂದುವರಿಯುತ್ತದೆ, ಯಾವುದು ನಿಲ್ಲಬೇಕು, ಇಷ್ಟೂ ಇರಲಿ. "ಬೆಟ್ಟ ಉಳಿಸಲು ತೀರ್ಮಾನಿಸಲಾಯಿತು" ಅನ್ನುವ ಒಂದು ಸಾಲಿನಿಂದ ಉಪಯೋಗ ಇಲ್ಲ. ನಡಾವಳಿಯ ದೃಢೀಕೃತ ಪ್ರತಿಯನ್ನು ಅದೇ ವಾರ ಪಿಡಿಒ ಅವರಿಂದ ಪಡೆಯಿರಿ. ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ. ಹೆಚ್ಚಿನ ಕಡೆ ಹೆಸರಿಗೆ ಮಾತ್ರ. ಅದನ್ನು ಎಬ್ಬಿಸಿ, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಈ ಬಂಡೆ, ಅದರ ದೊಣೆ, ಗವಿ, ಗಿಡ, ಹಕ್ಕಿಗಳನ್ನು ಸೇರಿಸಿ.

ಹಂತ 6: ಯಾವ ಬಾಗಿಲು ತಟ್ಟಬೇಕು

ಬಂಡೆಗಾಗಿಯೇ ಒಂದು ಕಾಯ್ದೆ ಕೈಯಲ್ಲಿ ಇಲ್ಲದಿರುವಾಗ ಇರುವ ಕಾಯ್ದೆಗಳಲ್ಲಿ ಸರಿಹೊಂದುವುದನ್ನು ಆರಿಸಬೇಕು. ಹಂತ 2ರ ಹಾಳೆ ಮುಂದಿಟ್ಟುಕೊಳ್ಳಿ.

ಸರ್ಕಾರಿ ಕಂದಾಯ ಜಮೀನಾಗಿದ್ದರೆ ಮೊದಲ ಬಾಗಿಲು ಜಿಲ್ಲಾಧಿಕಾರಿಯದು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಲು ಅವರಿಗೆ ಅಧಿಕಾರ ಇದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ದಾರಿ. ಆದೇಶ ಆಗಿ ಪಹಣಿಯಲ್ಲಿ ನಮೂದಾದರೆ ಮುಂದೆ ಯಾರೇ ಆ ಜಾಗದ ಕಡತ ತೆರೆದರೂ ಅದು ಕಣ್ಣಿಗೆ ಬೀಳುತ್ತದೆ. ಇದನ್ನು ಕೇಳುವವರು ಕಡಿಮೆ. ಎಲ್ಲರೂ ದೊಡ್ಡ ಹೆಸರಿನ ಘೋಷಣೆಯ ಹಿಂದೆ ಹೋಗುತ್ತಾರೆ.

ಬಂಡೆಯ ಜೊತೆ ಜೀವಿಗಳೂ ಇದ್ದರೆ ಜೀವವೈವಿಧ್ಯ ಕಾಯ್ದೆ 2002ರ 37ನೇ ಕಲಂ ಇದೆ. ಸ್ಥಳೀಯ ಸಂಸ್ಥೆಗಳ ಜೊತೆ ಚರ್ಚಿಸಿ ರಾಜ್ಯ ಸರ್ಕಾರ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸಬಹುದು. 2020ರಲ್ಲಿ ಕೋಲಾರದ ಅಂತರಗಂಗೆ ಬೆಟ್ಟ, ಚಿಕ್ಕಬಳ್ಳಾಪುರದ ಆದಿನಾರಾಯಣಸ್ವಾಮಿ ಬೆಟ್ಟಗಳನ್ನು ಹೀಗೆ ಮಾಡಲು ರಾಜ್ಯ ಜೀವವೈವಿಧ್ಯ ಮಂಡಳಿ ತೀರ್ಮಾನಿಸಿತ್ತು. ಅಂದರೆ ಈ ಭಾಗದ ಕಲ್ಲು ಬೆಟ್ಟಗಳಿಗೆ ಈ ದಾರಿ ಹೊಸದಲ್ಲ. ಹಳದಿ ಕೊರಳಿನ ಪಿಕಳಾರ ಇಂಥ ಕಲ್ಲು ಬೆಟ್ಟಗಳನ್ನೇ ನೆಚ್ಚಿಕೊಂಡ ಹಕ್ಕಿ. ನಂದಿ ಬೆಟ್ಟದಲ್ಲಿದೆ, ಅಪಾಯದಂಚಿನ ಪಟ್ಟಿಯಲ್ಲೂ ಇದೆ. ನಿಮ್ಮ ಬೆಟ್ಟದಲ್ಲಿ ಕಂಡರೆ ಫೋಟೊ, ದಿನಾಂಕದ ಸಮೇತ ದಾಖಲಿಸಿ. ಬಂಡೆಯ ಪರವಾಗಿ ಅದು ಒಳ್ಳೆಯ ಸಾಕ್ಷಿ.

ಬೆಟ್ಟದಲ್ಲಿ ಕೋಟೆ, ಶಾಸನ, ಹಳೆ ದೇವಸ್ಥಾನ ಇದ್ದರೆ ಪುರಾತತ್ತ್ವದ ದಾರಿ. ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಮಧುಗಿರಿ ಕೋಟೆ, ಆವನಿಯ ರಾಮಲಿಂಗೇಶ್ವರ ದೇವಸ್ಥಾನ ಇಂಥವು. ನಿಮ್ಮ ಬಂಡೆ ಆ ಅಳತೆಯೊಳಗೆ ಬರುತ್ತದಾ ಅಂತ ಟೇಪು ಹಿಡಿಯುವ ಮುಂಚೆ ಸ್ಮಾರಕದ ಸಂರಕ್ಷಿತ ಗಡಿ ಎಲ್ಲಿ ಅಂತ ಕೇಳಿ. ಲೆಕ್ಕ ಶುರುವಾಗುವುದು ಅಲ್ಲಿಂದ, ಗೋಪುರದಿಂದ ಅಲ್ಲ.

ಅರಣ್ಯ ಆಗಿದ್ದರೆ ಅಧಿಸೂಚನೆಯ ಪ್ರತಿ ತೆಗೆಸಿ. ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಕಲಂ ಅಡಿ ಮೊದಲ ಅಧಿಸೂಚನೆ ಮಾತ್ರ ಆಗಿದೆಯಾ, 17ನೇ ಕಲಂ ಅಡಿ ಅಂತಿಮ ಘೋಷಣೆಯೂ ಆಗಿದೆಯಾ ಅಂತ ನೋಡಿ. ಅಂತಿಮ ಆಗಿದ್ದರೆ ಗಣಿಗೆ ಕೇಂದ್ರದ ಒಪ್ಪಿಗೆ ಬೇಕಾಗುತ್ತದೆ, ಹಾಗಾಗಿ ಆ ಭಯ ಕಡಿಮೆ. ಅಲ್ಲಿ ನಿಮ್ಮ ಕೆಲಸ ಬೇರೆ: ಬಂಡೆಯ ಸಂದಿಯಲ್ಲಿ ಗುಂಡಿ ತೋಡಿ ಗಿಡ ನೆಡದಂತೆ, ಕಂದಕ ತೆಗೆಯದಂತೆ ವಲಯ ಅರಣ್ಯಾಧಿಕಾರಿಗೆ ನಕ್ಷೆ ಕೊಡುವುದು.

ಖಾಸಗಿ ಜಮೀನಾದರೆ ಯಜಮಾನರ ಒಪ್ಪಿಗೆಯೇ ದಾರಿ. ಬಲವಂತ ಮಾಡೋಕೆ ಹೋಗಬೇಡಿ.

ಜಿಎಸ್‌ಐಗೆ ಪ್ರಸ್ತಾವ ಕಳಿಸುವುದನ್ನು ಇವುಗಳ ಜೊತೆಗೆ ಮಾಡಿ, ಇವುಗಳ ಬದಲಿಗೆ ಅಲ್ಲ.

ಹಂತ 7: ಅರ್ಜಿ

ಒಂದೂವರೆ ಪುಟ ಸಾಕು. ಮೊದಲ ಸಾಲಲ್ಲೇ ಜಾಗ ಬರಬೇಕು. ಹೀಗೆ:

"ಕೋಲಾರ ಜಿಲ್ಲೆ, ____ ತಾಲ್ಲೂಕು, ____ ಹೋಬಳಿ, ____ ಗ್ರಾಮದ ಸರ್ವೆ ನಂ. ____ ರಲ್ಲಿನ ಸರ್ಕಾರಿ ಗೋಮಾಳದ ಪೈಕಿ ____ ಎಕರೆ ____ ಗುಂಟೆ ವಿಸ್ತೀರ್ಣವನ್ನು, ಲಗತ್ತಿಸಿರುವ ನಕ್ಷೆಯಂತೆ, ಭೂವೈಜ್ಞಾನಿಕ ಮಹತ್ವದ ಶಿಲಾತಾಣವಾಗಿ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಿ, ಪಹಣಿಯಲ್ಲಿ ನಮೂದಿಸಲು ಕೋರಿಕೆ."

ಬೆಲೆ ಇರುವುದು "ಪಹಣಿಯಲ್ಲಿ ನಮೂದಿಸಲು" ಅನ್ನುವ ಮಾತಿಗೆ. ಅದನ್ನು ಬಿಟ್ಟರೆ ಆದೇಶ ಬೀರುವಿನಲ್ಲಿ ಉಳಿಯುತ್ತದೆ. ಗೋಮಾಳದಲ್ಲಿ ಕೇಳುವಾಗ ಮೇವಿನ ಹಕ್ಕು ಹಾಗೇ ಇರುತ್ತದೆ ಅಂತ ಒಂದು ಸಾಲು ಸೇರಿಸಿ. ಲಗತ್ತು: ಪಹಣಿ, ಗ್ರಾಮ ನಕ್ಷೆ, ಕೈಚಿತ್ರ, ಆರು ಫೋಟೊ, ತಜ್ಞರ ಎರಡು ಪುಟ, ಗ್ರಾಮಸಭೆ ನಡಾವಳಿ. ಮೂಲ ಪ್ರತಿ ಜಿಲ್ಲಾಧಿಕಾರಿಗೆ. ನಕಲು ತಹಶೀಲ್ದಾರರಿಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಅರಣ್ಯ ಇಲಾಖೆಗೆ, ಪಂಚಾಯಿತಿಗೆ. ಟಪಾಲು ವಿಭಾಗದಲ್ಲಿ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. "ಸಾಹೇಬರ ಕೈಗೇ ಕೊಟ್ಟು ಬಂದೆ" ಅನ್ನುವುದು ದಾಖಲೆ ಅಲ್ಲ.

ಆಮೇಲೆ ಕಡತ ತಹಶೀಲ್ದಾರರಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ (ಆರ್‌ಐ), ಗ್ರಾಮ ಆಡಳಿತ ಅಧಿಕಾರಿಗೆ ಇಳಿಯುತ್ತದೆ. ಅವರು ಸ್ಥಳ ತನಿಖೆಗೆ ಬಂದ ದಿನ ನೀವು ಅಲ್ಲಿರಬೇಕು. ಮಹಜರಿನಲ್ಲಿ "ಬರಡು ಕಲ್ಲು ಗುಡ್ಡ" ಅಂತ ಬರೆದುಬಿಟ್ಟರೆ ಮೇಲೆ ಕೂತವರಿಗೆ ಕಾಣುವುದು ಅಷ್ಟೇ. ನಕ್ಷೆ ಹಿಡಿದು, ಪಟ್ಟೆ ತೋರಿಸಿ, ಬರೆಯುವಾಗ ಪಕ್ಕದಲ್ಲಿ ಇರಿ.

ಹಂತ 8: ಗಣಿ ಆಗಲೇ ಬಾಗಿಲಿಗೆ ಬಂದಿದ್ದರೆ

ಮೊದಲೇ ಕಾಣುವ ಲಕ್ಷಣಗಳಿವೆ. ಬಂಡೆ ಮೇಲೆ ಕೆಂಪು ಅಥವಾ ಬಿಳಿ ಬಣ್ಣದ ನಂಬರು. ಒಂದೇ ಸಾಲಿನಲ್ಲಿ ಸಣ್ಣ ತೂತುಗಳು. ಹೊಸ ಗಡಿಕಲ್ಲು. ಬೆಟ್ಟದ ಬುಡಕ್ಕೆ ಇದ್ದಕ್ಕಿದ್ದಂತೆ ಜೆಸಿಬಿಯಲ್ಲಿ ಮಾಡಿದ ಮಣ್ಣು ದಾರಿ. ಕಂಪ್ರೆಸರ್ ಟ್ರ್ಯಾಕ್ಟರ್ ಬಂದು ನಿಂತರೆ ಕೆಲಸ ಇವತ್ತೋ ನಾಳೆಯೋ ಶುರು.

ಇಂಥ ಹೊತ್ತಲ್ಲಿ ಎರಡು ಕಾಗದ ಹುಡುಕಿ. ಒಂದು, ಜಿಲ್ಲಾ ಸಮೀಕ್ಷಾ ವರದಿ. ಉಪಖನಿಜಗಳಿಗೆ (ಕಟ್ಟಡ ಕಲ್ಲು, ಜಲ್ಲಿ, ಮರಳಿನಂಥವು) ಪರಿಸರ ಅನುಮತಿ ಕೊಡುವಾಗ ಇದೇ ಆಧಾರ. ಕರಡನ್ನು ಜಿಲ್ಲೆಯ ವೆಬ್‌ಸೈಟ್‌ನಲ್ಲೂ ಜಿಲ್ಲಾಧಿಕಾರಿ ಕಚೇರಿಯಲ್ಲೂ 21 ದಿನ ಸಾರ್ವಜನಿಕರಿಗೆ ಇಡಬೇಕು ಅಂತ 2016ರ ಕೇಂದ್ರ ಪರಿಸರ ಸಚಿವಾಲಯದ ಅಧಿಸೂಚನೆ ಹೇಳುತ್ತದೆ. ಆ 21 ದಿನದಲ್ಲಿ ನಿಮ್ಮ ಸರ್ವೆ ನಂಬರ್ ಹಿಡಿದು ಆಕ್ಷೇಪಣೆ ಹಾಕಿದವರು ತೀರಾ ಕಡಿಮೆ. ಎರಡು, ಪರಿಸರ ಅನುಮತಿಯ ಅರ್ಜಿ. ಗಣಿ ಅಥವಾ ಅಕ್ಕಪಕ್ಕದ ಗಣಿಗಳ ಗುಂಪು 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆ 14 ಗುಂಟೆ ದಾಟಿದರೆ ಸಾಮಾನ್ಯವಾಗಿ ಸಾರ್ವಜನಿಕ ವಿಚಾರಣೆ ಆಗಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ವಿಚಾರಣೆಯಲ್ಲಿ ಕೂಗಾಡಿದ್ದು ನಡಾವಳಿಯಲ್ಲಿ ಬರಲ್ಲ. ಬರೆದು ಕೊಟ್ಟಿದ್ದು ಬರುತ್ತದೆ. ಹಂತ 3 ಮತ್ತು 4ರ ಕಾಗದ ಇಲ್ಲಿ ಕೆಲಸಕ್ಕೆ ಬರುವುದು.

ಗುತ್ತಿಗೆ ಪೂರ್ತಿ ರದ್ದಾಗುವುದು ಕಷ್ಟ ಅನಿಸಿದರೆ ಮುಖ್ಯ ಮುಖವನ್ನು ಗುತ್ತಿಗೆ ಜಾಗದಿಂದ ಹೊರಗಿಡಿ ಅಂತ ಕೇಳಿ. ಇದು ಸೋಲು ಅಂತ ಬೈಯುವವರಿರುತ್ತಾರೆ. ಎಲ್ಲ ಹೋಗುವುದಕ್ಕಿಂತ ಮೂರು ಕಾಲದ ಕಲ್ಲು ಕೂಡುವ ಆ 40 ಮೀಟರ್ ಉಳಿದರೆ ಮೇಲು ಅಂತ ನನ್ನ ಅಭಿಪ್ರಾಯ.

ಗಣಿಯೊಳಗೆ ಫೋಟೊ ತೆಗೆಯಲು ನುಗ್ಗಬೇಡಿ. ಜಿಲೆಟಿನ್ ಕಡ್ಡಿ, ವೈರು ಬಿದ್ದದ್ದು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ಫೋನ್ ಮಾಡಿ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತರು. ರಾತ್ರಿ ಒಬ್ಬರೇ ಕಾವಲು ಕೂರುವುದು, ಲಾರಿ ಅಡ್ಡಗಟ್ಟುವುದು ಇವೂ ಬೇಡ.

ಹಂತ 9: ಆದೇಶ ಬಂದ ಮೇಲೆ

ಇಲ್ಲಿ ಹಾನಿ ಮಾಡುವವರು ಬೇರೆ. ಅಭಿಮಾನಿಗಳು.

ಮೊದಲು ಬರುವುದು ಸಿಮೆಂಟು. ಮೆಟ್ಟಿಲು, ಕಮಾನು, ಸೆಲ್ಫಿ ಪಾಯಿಂಟ್, ಹೈಮಾಸ್ಟ್ ದೀಪ. ಅನುದಾನ ಬಂದಿದೆ ಅಂದರೆ ಬೇಡ ಅನ್ನುವುದು ಕಷ್ಟ, ಅಲ್ವಾ? ಅದಕ್ಕೇ ಆದೇಶ ಆಗುವಾಗಲೇ "ಶಿಲೆಯ ಮೇಲೆ ಯಾವುದೇ ನಿರ್ಮಾಣ ಮಾಡತಕ್ಕದ್ದಲ್ಲ" ಅನ್ನುವ ಷರತ್ತು ಸೇರಿಸಿ ಅಂತ ಕೇಳಬೇಕು. ಬೋರ್ಡು ನೆಡುವುದಾದರೆ ಮಣ್ಣಿರುವ ಕಡೆ ನೆಡಿ, ಬಂಡೆ ಕೊರೆಯಬೇಡಿ. ಬೇಲಿ ಹಾಕಲೇಬೇಕಾದರೆ ದಾರಿಯ ಕಡೆ ಮಾತ್ರ, ದನ ಕುರಿ ಹೋಗುವಷ್ಟು ಸಂದು ಬಿಟ್ಟು.

ಬೋರ್ಡಿನಲ್ಲಿ ಐದಾರು ಸಾಲು ಸಾಕು. ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರ ಕಡೆ ಕನ್ನಡದ ಕೆಳಗೆ ತೆಲುಗಿನಲ್ಲೂ ಬರೆಸಿ, ಕೆಜಿಎಫ್ ಸುತ್ತ ತಮಿಳಿನಲ್ಲೂ. ಕುರಿ ಕಾಯುವ ಅಜ್ಜನಿಗೆ ಅರ್ಥ ಆಗದ ಬೋರ್ಡು ಯಾರಿಗೆ? "ಇಲ್ಲಿ ಕಲ್ಲು ಒಡೆಯಬೇಡಿ, ಬೆಂಕಿ ಹಾಕಬೇಡಿ, ಬಣ್ಣ ಬಳಿಯಬೇಡಿ" ಅನ್ನುವುದು ವಿವರಣೆಗಿಂತ ಮೇಲೆ, ದೊಡ್ಡ ಅಕ್ಷರದಲ್ಲಿರಲಿ.

ಬಣ್ಣ ಬಳಿದಿದ್ದರೆ ಆಸಿಡ್ ಹಾಕಬೇಡಿ, ಗ್ರೈಂಡರ್ ಹಿಡಿಯಬೇಡಿ. ಬಣ್ಣದ ಜೊತೆ ಬಂಡೆಯ ಮೈಯೂ ಹೋಗುತ್ತದೆ. ಮೊದಲು ನೀರು ಮತ್ತು ನಾರಿನ ಬ್ರಷ್ಷಿನಿಂದ ಒಂದು ಮೂಲೆಯಲ್ಲಿ ನೋಡಿ. ಬರದಿದ್ದರೆ ಹಾಗೇ ಬಿಟ್ಟು ಸಂರಕ್ಷಣೆ ಬಲ್ಲವರನ್ನು ಕೇಳಿ. ದೊಣೆಗಳನ್ನು "ಸ್ವಚ್ಛ" ಮಾಡುವ ಉತ್ಸಾಹವೂ ಬೇಡ. ಪ್ಲಾಸ್ಟಿಕ್ ಆರಿಸಿ, ಮಣ್ಣು ಗಿಡ ಬಿಡಿ.

ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ಆಮೇಲೆ, ಹಳೆ ಫೋಟೊ ತೆಗೆದ ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಫೋಟೊ ತೆಗೆಯಿರಿ. ಶಾಲೆಯ ಮೇಷ್ಟ್ರು ಒಪ್ಪಿದರೆ ಮಕ್ಕಳಿಗೇ ಈ ಕೆಲಸ ಕೊಡಬಹುದು. ಅವರು ನಮಗಿಂತ ಚೆನ್ನಾಗಿ ವ್ಯತ್ಯಾಸ ಹಿಡಿಯುತ್ತಾರೆ.

ಜೊತೆಗೆ ಹೊಸ ಪಹಣಿಯನ್ನೂ ತೆಗೆಸಿ. ಪೋಡಿ ಆದಾಗ, ಅಂದರೆ ಜಮೀನು ಅಳೆದು ಭಾಗ ಮಾಡಿ ಸರ್ವೆ ನಂಬರಿಗೆ ಹೊಸ ಹಿಸ್ಸಾ ಬಿದ್ದಾಗ, 11ನೇ ಕಲಂನ ನಮೂದು ಹೊಸ ಪಹಣಿಗೆ ಬಾರದೆ ಹೋಗಬಹುದು. ಹಾಗೇನಾದರೂ ಆಗಿದ್ದರೆ ಜಿಲ್ಲಾಧಿಕಾರಿ ಆದೇಶದ ಪ್ರತಿ ಲಗತ್ತಿಸಿ ಅದೇ ವಾರ ತಹಶೀಲ್ದಾರರಿಗೆ ಬರೆಯಿರಿ, ಗಣಿ ಇಲಾಖೆಗೂ ಒಂದು ನಕಲು ಹಾಕಿ.